ಹನಿ ಹನಿ ಸೋರುವ ಆಯಿಲ್ಲು

ನಮ್ಮ ಹೆಬ್ಬೂರಿನ ಹಿರಿಯರಿಗೆ ಕೀಲೆಣ್ಣೆ ಗೊತ್ತು. ಎತ್ತಿನ ಗಾಡಿಯ ಅಚ್ಚಿಗೆ ಹಾಕುವ ಎಣ್ಣೆ ಅದು. ಹರಳೆಣ್ಣೆಗೆ ಸುಟ್ಟ ಹುಲ್ಲಿನ ಕರಿ ಬೆರೆಸಿ ಮಾಡುತ್ತಿದ್ದರು. ಗೊಟ್ಟದಲ್ಲಿ ತುಂಬಿ ಗಾಡಿಯ ಕೆಳಗೆ ನೇತು ಹಾಕುತ್ತಿದ್ದರು. ಕೀಲೆಣ್ಣೆ ಇಲ್ಲದ ಗಾಡಿ ಕಿರ್ ಎಂದು ಕೂಗುತ್ತಿತ್ತು. ಅಚ್ಚು ಸವೆಯುತ್ತಿತ್ತು. ಎತ್ತಿಗೆ ಭಾರ ಆಗುತ್ತಿತ್ತು.

ಈಗ ಎತ್ತಿನ ಗಾಡಿ ಅಪರೂಪ ಆಗಿವೆ. ಮನೆ ಮುಂದೆ ಬೈಕು ನಿಂತಿದೆ. ಹೊಲದಲ್ಲಿ ಪವರ್ ಟಿಲ್ಲರ್ ಓಡುತ್ತದೆ. ಗಾಡಿ ಬದಲಾಯ್ತು. ಆದರೆ ಎಣ್ಣೆ ಬೇಕೇ ಬೇಕು.

ಎಂಜಿನ್ನಿನ ಒಳಗೆ ಪಿಸ್ಟನ್ ಇದೆ. ಅದು ಒಂದು ನಿಮಿಷಕ್ಕೆ ಸಾವಿರಾರು ಸಲ ಮೇಲೆ ಕೆಳಗೆ ಓಡುತ್ತದೆ. ಕಬ್ಬಿಣಕ್ಕೆ ಕಬ್ಬಿಣ ಉಜ್ಜಿದರೆ ಬಿಸಿ ಆಗುತ್ತದೆ, ಸವೆಯುತ್ತದೆ. ಎಂಜಿನ್ ಆಯಿಲ್ಲು ನಡುವೆ ತೆಳ್ಳಗೆ ಹರಡಿ ಉಜ್ಜದ ಹಾಗೆ ನೋಡಿಕೊಳ್ಳುತ್ತದೆ. ಬಿಸಿಯನ್ನು ಹೊತ್ತು ಹೊರಗೆ ತರುತ್ತದೆ. ಕೊಳೆಯನ್ನೂ ತೊಳೆಯುತ್ತದೆ. ಅದು ಸೋರಿ ಹೋದರೆ ಏನಾಗುತ್ತದೆ? ನಾವು ಕಣ್ಣಾರೆ ಕಂಡ ಒಂದು ಸಂಗತಿ ಹೇಳುತ್ತೇವೆ, ಕೇಳಿ.

ಒಬ್ಬ ಅಣ್ಣನ ಕಥೆ

ನಮ್ಮ ರಾತ್ರಿ ಕೇಂದ್ರಕ್ಕೆ ಒಬ್ಬ ಅಣ್ಣ ಬರುತ್ತಿದ್ದರು. ಹಗಲೆಲ್ಲ ಎಳನೀರು ವ್ಯಾಪಾರ. ಬೈಕಿನ ಎರಡೂ ಕಡೆ ಎಳನೀರು ಕಟ್ಟಿಕೊಂಡು ತುಮಕೂರಿಗೆ ಹೋಗಿ ಬರುತ್ತಿದ್ದರು. ಸಂಜೆ ಕೇಂದ್ರದ ಮುಂದೆ ಬೈಕು ನಿಲ್ಲಿಸಿ ಸ್ಲೇಟು ಹಿಡಿಯುತ್ತಿದ್ದರು.

ಅವರ ಬೈಕಿನ ಕೆಳಗೆ ದಿನವೂ ಒಂದು ಕಪ್ಪು ಕಲೆ ಬೀಳುತ್ತಿತ್ತು. ಮೊದಲು ನಾಲ್ಕಾಣೆಯಷ್ಟು. ಆಮೇಲೆ ಅಂಗೈಯಷ್ಟು. ನಾವು ನೋಡಿದೆವು. ಕಾಲಿಗೆ ಮೆತ್ತಬಾರದು ಎಂದು ಅದರ ಮೇಲೆ ಮಣ್ಣು ಹಾಕಿದೆವು. "ಅಣ್ಣಾ, ನಿನ್ನ ಗಾಡಿ ಸೋರ್ತಾ ಇದೆ" ಎಂದು ಮಾತ್ರ ಹೇಳಲಿಲ್ಲ. ಅವರಿಗೂ ಗೊತ್ತಿತ್ತು. ಮೆಕ್ಯಾನಿಕ್ ಹತ್ತಿರ ಹೋದರೆ ಸಾವಿರಗಟ್ಟಲೆ ಕೇಳುತ್ತಾರೆ ಎಂಬ ಭಯ. ಇವತ್ತು ನಾಳೆ ಎಂದು ದಿನ ತಳ್ಳಿದರು.

ಒಂದು ದಿನ ಬೆಳಗಿನ ಜಾವ ಗೂಳೂರಿನ ಹತ್ತಿರ ಬೈಕು ಕಟಕಟ ಎಂದು ನಿಂತುಬಿಟ್ಟಿತು. ಕಿಕ್ಕರ್ ತುಳಿದರೆ ಅಲ್ಲಾಡಲಿಲ್ಲ. ಒಳಗೆ ಆಯಿಲ್ಲೇ ಇರಲಿಲ್ಲ. ಪಿಸ್ಟನ್ನು ಬಿಸಿಯಾಗಿ ಕಚ್ಚಿಕೊಂಡಿತ್ತು. ಇದನ್ನೇ "ಎಂಜಿನ್ ಸೀಜ್ ಆಯ್ತು" ಎನ್ನುತ್ತಾರೆ.

ರಿಪೇರಿಗೆ 7,500 ರೂಪಾಯಿ ಆಯ್ತು. ಹೆಂಡತಿಯ ಓಲೆ ಅಡವಿಗೆ ಹೋಯ್ತು. ಹತ್ತು ದಿನ ವ್ಯಾಪಾರ ಇಲ್ಲ. ಹತ್ತು ದಿನ ಕೇಂದ್ರಕ್ಕೂ ಬರಲಿಲ್ಲ.

ಸೋರಿದ್ದು ಎಲ್ಲಿಂದ ಗೊತ್ತೇ? ಎಂಜಿನ್ನಿನ ತಳದ ಬೋಲ್ಟಿನ ಒಂದು ವಾಷರ್‌ನಿಂದ. ಅದರ ಬೆಲೆ 20 ರೂಪಾಯಿ! ಆ ಕಲೆಯ ಮೇಲೆ ಮಣ್ಣು ಹಾಕಿದ ನಮ್ಮ ಕೈಗೆ ಅವತ್ತು ನಾಚಿಕೆ ಆಯ್ತು. ಅದಕ್ಕೇ ಈ ಪಾಠ ಬರೆಯುತ್ತಿದ್ದೇವೆ.

ಹನಿಯ ಲೆಕ್ಕ

ಒಂದು ಹನಿ ತಾನೇ ಎನ್ನಬೇಡಿ. ಬನ್ನಿ, ಲೆಕ್ಕ ಮಾಡೋಣ. ಸುಮಾರು 20 ಹನಿ ಸೇರಿದರೆ 1 ಮಿಲಿ ಲೀಟರ್. ನಿಮಿಷಕ್ಕೆ ಒಂದು ಹನಿ ಬಿದ್ದರೆ ಗಂಟೆಗೆ 60 ಹನಿ. 24 ಗಂಟೆಗೆ 1,440 ಹನಿ. ಅಂದರೆ 72 ಮಿಲಿ ಲೀಟರ್.

100 ಸಿಸಿ ಬೈಕಿನಲ್ಲಿ ಇರುವ ಆಯಿಲ್ಲೇ ಸುಮಾರು ಒಂದು ಲೀಟರ್. ಹೀಗೆ ಬಿಡದೆ ಸೋರಿದರೆ ಎರಡು ವಾರದಲ್ಲಿ ಬರಿದು! ಹನಿ ಹನಿ ಕೂಡಿದರೆ ಹಳ್ಳ. ಹನಿ ಹನಿ ಸೋರಿದರೆ ಬರಿದು.

ಕಡ್ಡಿ ನೋಡುವುದು ಹೇಗೆ?

ಸಣ್ಣ ಬೈಕುಗಳಲ್ಲಿ ಆಯಿಲ್ ಕಡಿಮೆ ಆಯ್ತು ಎಂದು ತಿಳಿಸುವ ದೀಪ ಸಾಮಾನ್ಯವಾಗಿ ಇರುವುದಿಲ್ಲ. ನಾವೇ ನೋಡಬೇಕು. ಆಯಿಲ್ ಹಾಕುವ ಮುಚ್ಚಳಕ್ಕೆ ಒಂದು ಕಡ್ಡಿ ಇದೆ. ಕಡ್ಡಿಯ ಮೇಲೆ ಎರಡು ಗೆರೆ ಇವೆ.

ಗಾಡಿಯನ್ನು ಸಮ ನೆಲದಲ್ಲಿ ನಡು ಸ್ಟ್ಯಾಂಡಿನ ಮೇಲೆ ನಿಲ್ಲಿಸಿ. ಎರಡು ಮೂರು ನಿಮಿಷ ಎಂಜಿನ್ ಓಡಿಸಿ ಆರಿಸಿ. ಮತ್ತೆ ಎರಡು ಮೂರು ನಿಮಿಷ ಕಾಯಿರಿ. ಕಡ್ಡಿ ತೆಗೆದು ಬಟ್ಟೆಯಿಂದ ಒರೆಸಿ. ಮತ್ತೆ ಇಳಿಸಿ, ತೆಗೆದು ನೋಡಿ. ಬಹಳ ಬೈಕುಗಳಲ್ಲಿ ಹೀಗೆ ನೋಡುವಾಗ ಮುಚ್ಚಳ ತಿರುಗಿಸಬಾರದು, ಸುಮ್ಮನೆ ಇಳಿಸಬೇಕು. ಗಾಡಿ ಜೊತೆ ಕೊಟ್ಟ ಪುಸ್ತಕದಲ್ಲಿ ಇದು ಇರುತ್ತದೆ. ಈಗ ಓದಲು ಬರುತ್ತದಲ್ಲ, ಓದಿ ನೋಡಿ.

ಆಯಿಲ್ ಎರಡು ಗೆರೆಯ ನಡುವೆ ಇದ್ದರೆ ಸರಿ. ಕೆಳಗಿನ ಗೆರೆಗಿಂತ ಕಡಿಮೆ ಇದ್ದರೆ ಗಾಡಿ ಓಡಿಸಲೇಬೇಡಿ. ಮೊದಲು ಆಯಿಲ್ ಹಾಕಿ. ಮೇಲಿನ ಗೆರೆ ದಾಟಿದ್ದರೂ ತಪ್ಪೇ. ಜಾಸ್ತಿ ಆದ ಆಯಿಲ್ಲು ಉಸಿರು ಕೊಳವೆಯಿಂದ ಹೊರಗೆ ಬರುತ್ತದೆ. ಜನ ಅದನ್ನೇ ಸೋರಿಕೆ ಎಂದುಕೊಳ್ಳುತ್ತಾರೆ.

ಹಳೇ ಟಿವಿಎಸ್ 50 ಇದ್ದವರಿಗೆ ಈ ಕಡ್ಡಿಯ ಅಭ್ಯಾಸ ಇಲ್ಲ. ಅದರಲ್ಲಿ ಆಯಿಲ್ಲನ್ನು ಪೆಟ್ರೋಲಿಗೇ ಬೆರೆಸುತ್ತಿದ್ದರು. 2015ರಲ್ಲಿ ಬಂದ ಟಿವಿಎಸ್ ಎಕ್ಸ್‌ಎಲ್ 100 ಹಾಗಲ್ಲ. ಅದರ ಎಂಜಿನ್ನಿಗೆ ಬೇರೆಯೇ ಆಯಿಲ್ ಹಾಕಬೇಕು, ನೋಡುತ್ತಾ ಇರಬೇಕು.

ಸೋರುವುದು ಎಲ್ಲಿಂದ?

ರಾತ್ರಿ ಗಾಡಿಯ ಕೆಳಗೆ ಒಂದು ರಟ್ಟು ಹಾಕಿ. ಬೆಳಗ್ಗೆ ನೋಡಿ. ಕಲೆ ಕಪ್ಪಾಗಿ ಜಿಡ್ಡಾಗಿ ಇದ್ದರೆ ಅದು ಆಯಿಲ್ಲು. ಪೆಟ್ರೋಲ್ ವಾಸನೆ ಬಂದು ಬೇಗ ಒಣಗಿದರೆ ಅದು ಪೆಟ್ರೋಲ್. ಅದು ಬೆಂಕಿಯ ಅಪಾಯ. ತಡ ಮಾಡದೆ ಮೆಕ್ಯಾನಿಕ್‌ಗೆ ತೋರಿಸಿ.

ಆಯಿಲ್ಲು ಬಿದ್ದ ಜಾಗವೇ ಸೋರಿದ ಜಾಗ ಅಲ್ಲ. ಆಯಿಲ್ಲು ಕೆಳಗೆ ಇಳಿಯುತ್ತದೆ. ಗಾಡಿ ಓಡುವಾಗ ಗಾಳಿಗೆ ಹಿಂದಕ್ಕೆ ಹರಡುತ್ತದೆ. ಆದ್ದರಿಂದ ಮೊದಲು ಎಂಜಿನ್ ತೊಳೆಯಬೇಕು. ಎಂಜಿನ್ ತಣ್ಣಗಿರಲಿ. ಸ್ವಲ್ಪ ಡೀಸೆಲ್ ಹಾಕಿ ಬ್ರಷ್‌ನಿಂದ ಉಜ್ಜಿ, ಬಟ್ಟೆಯಿಂದ ಒಣಗುವಂತೆ ಒರೆಸಿ. ಆಗ ಬೀಡಿ, ದೀಪ, ಬೆಂಕಿಕಡ್ಡಿ ಹತ್ತಿರ ಇರಬಾರದು.

ಆಮೇಲೆ ವಿಭೂತಿ ಅಥವಾ ಮುಖಕ್ಕೆ ಹಚ್ಚುವ ಪೌಡರ್ ತೆಳ್ಳಗೆ ಉದುರಿಸಿ. ಎರಡು ಮೈಲಿ ಓಡಿಸಿಕೊಂಡು ಬನ್ನಿ. ಪೌಡರ್ ಎಲ್ಲಿ ಒದ್ದೆ ಆಗಿದೆ? ಒದ್ದೆಯಾದ ಜಾಗದಲ್ಲಿ ಎಲ್ಲಕ್ಕಿಂತ ಮೇಲೆ ಮತ್ತು ಮುಂದೆ ಇರುವುದೇ ಮೂಲ.

ನಾವೇ ಮಾಡಬಹುದಾದ ಕೆಲಸ

ಒಂದು, ಆಯಿಲ್ ಮುಚ್ಚಳದ ರಬ್ಬರ್ ಬಳೆ. ಅದು ಗಟ್ಟಿಯಾಗಿ ಒಡೆದಿದ್ದರೆ ಹೊಸದು ಹಾಕಿ.

ಎರಡು, ಪಕ್ಕದ ಕವರಿನ ಬೋಲ್ಟು ಸಡಿಲ ಆಗಿದ್ದರೆ ಬಿಗಿ ಮಾಡಿ. ಒಂದಾದ ಮೇಲೆ ಅದರ ಎದುರಿನದು, ಹೀಗೆ ಸ್ವಲ್ಪ ಸ್ವಲ್ಪ ಬಿಗಿ ಮಾಡಬೇಕು.

ಮೂರು, ಉಸಿರು ಕೊಳವೆಯಲ್ಲಿ ಕೊಳೆ ಕಟ್ಟಿದ್ದರೆ ತೆಗೆಯಿರಿ. ಒಳಗಿನ ಗಾಳಿ ಹೊರಗೆ ಹೋಗಲು ದಾರಿ ಇಲ್ಲದಿದ್ದರೆ ಆಯಿಲ್ಲನ್ನು ಸಂದಿಗೊಂದಿಯಿಂದ ತಳ್ಳುತ್ತದೆ.

ನಾಲ್ಕು, ತಳದ ಬೋಲ್ಟಿನ ವಾಷರ್. ಹೇಗೂ ಆಯಿಲ್ ಬದಲಾಯಿಸುವಾಗ ಬೋಲ್ಟು ಬಿಚ್ಚುತ್ತೇವೆ. ಆಗಲೇ ಹೊಸ ವಾಷರ್ ಹಾಕಿಬಿಡಿ. ಸರಿಯಾದ ಅಳತೆಯ ಸ್ಪ್ಯಾನರ್ ಇರಬೇಕು. ಇಕ್ಕಳ ಹಾಕಿದರೆ ಬೋಲ್ಟಿನ ಮೂಲೆ ಉರುಟಾಗುತ್ತದೆ.

ಆಯಿಲ್ ಕೊಳ್ಳುವಾಗ ಡಬ್ಬದ ಮೇಲಿನ ಅಕ್ಷರ ಓದಿ. ಗಾಡಿಯ ಪುಸ್ತಕದಲ್ಲಿ ಎಸ್‌ಎಇ 10ಡಬ್ಲ್ಯು-30 ಎಂದಿದ್ದರೆ ಡಬ್ಬದ ಮೇಲೂ ಅದೇ ಇರಬೇಕು. ಕಾರಿನ ಆಯಿಲ್ ಬೈಕಿಗೆ ಹಾಕಬೇಡಿ. ಬಹಳ ಬೈಕುಗಳಲ್ಲಿ ಕ್ಲಚ್ಚು ಆಯಿಲ್ಲಿನಲ್ಲೇ ಮುಳುಗಿರುತ್ತದೆ. ಕಾರಿನ ಆಯಿಲ್ಲಿಗೆ ಅದು ಜಾರಬಹುದು.

ನಾವು ಮಾಡಿದ ತಪ್ಪು

ಆ ಅಣ್ಣನ ಕಥೆ ಆದ ಮೇಲೆ ನಾವು ಧೈರ್ಯ ಮಾಡಿ ನಮ್ಮ ಬೈಕಿನ ತಳದ ಬೋಲ್ಟಿಗೆ ಕೈ ಹಾಕಿದೆವು. ಬಲಕ್ಕೆ ತಿರುಗಿಸಿದರೆ ಬಿಗಿ, ಎಡಕ್ಕೆ ತಿರುಗಿಸಿದರೆ ಸಡಿಲ. ಇದು ನಮಗೆ ಗೊತ್ತಿತ್ತು. ಆದರೆ ಇದು ಬೋಲ್ಟಿನ ತಲೆಯನ್ನು ಎದುರಿಗೆ ನೋಡುವಾಗಿನ ಮಾತು. ನಾವು ಮೇಲಿನಿಂದ ಬಗ್ಗಿ ಕೈ ಹಾಕಿದ್ದೆವು. ಬಿಚ್ಚುತ್ತಿದ್ದೇವೆ ಎಂದುಕೊಂಡು ಬಿಗಿ ಮಾಡಿದೆವು. "ಇನ್ನೂ ಜೋರಾಗಿ ಎಳಿ" ಎಂದೆವು. ಕಟ್ ಎಂದಿತು. ಮರೆ ಕಿತ್ತು ಬಂತು.

ಬೋಲ್ಟು ಉಕ್ಕು. ಎಂಜಿನ್ನಿನ ಮೈ ಅಲ್ಯೂಮಿನಿಯಂ. ಅಲ್ಯೂಮಿನಿಯಂ ಮೆತ್ತಗೆ. ಜೋರು ಮಾಡಿದರೆ ಸೋಲುವುದು ಎಂಜಿನ್ನೇ. ಗಾಡಿಯನ್ನು ಮೆಕ್ಯಾನಿಕ್ ಹತ್ತಿರ ತಳ್ಳಿಕೊಂಡು ಹೋದೆವು. ಹೊಸ ಮರೆ ಕೂರಿಸಲು 600 ರೂಪಾಯಿ ಆಯ್ತು. "ಮೇಷ್ಟ್ರೇ, ನಿಧಾನಕ್ಕೆ ಮಾಡಿದ್ರೆ ನೀವೇ ಮಾಡ್ಕೋಬಹುದಾಗಿತ್ತು" ಎಂದು ಅವರು ನಕ್ಕರು. ನಾವೂ ನಕ್ಕೆವು. ಆದರೆ ಪಾಠ ಮರೆಯಲಿಲ್ಲ.

ಮೆಕ್ಯಾನಿಕ್‌ಗೆ ಬಿಡಬೇಕಾದ ಕೆಲಸ

ಎಂಜಿನ್ನಿನ ತಲೆಯ ಕೆಳಗೆ ಗ್ಯಾಸ್ಕೆಟ್ ಇದೆ. ಅಲ್ಲಿ ಸೋರಿದರೆ ತಲೆ ಬಿಚ್ಚಬೇಕು. ಬೋಲ್ಟುಗಳನ್ನು ಇಷ್ಟೇ ಬಿಗಿ ಎಂದು ಅಳೆದು ಹಾಕಬೇಕು. ತಿರುಗುವ ದಂಡದ ಸುತ್ತ ಆಯಿಲ್ ಸೀಲ್ ಇದೆ. ಅದನ್ನು ಕೀಳುವಾಗ ದಂಡಕ್ಕೆ ಗೀರು ಬಿದ್ದರೆ ಹೊಸ ಸೀಲೂ ಸೋರುತ್ತದೆ. ಎಂಜಿನ್ನಿನ ಮೈ ಬಿರುಕು ಬಿಟ್ಟರೆ, ಮರೆ ಕಿತ್ತರೆ, ಹೊಗೆ ನೀಲಿಯಾಗಿ ಬಂದರೆ, ಇವೆಲ್ಲ ಕಲಿತವರ ಕೆಲಸ.

ಆಯಿಲ್ಲು ಹಿಂದಿನ ಚಕ್ರಕ್ಕೆ ಅಥವಾ ಬ್ರೇಕಿಗೆ ಸಿಡಿಯುತ್ತಿದ್ದರೆ ಗಾಡಿ ಹತ್ತಲೇಬೇಡಿ. ಜಾರಿ ಬೀಳುತ್ತೀರಿ. ತಳ್ಳಿಕೊಂಡು ಹೋಗಿ.

ಕೆಲವರು ಸೋರುವ ಕಡೆ ಸೋಪು ಮೆತ್ತುತ್ತಾರೆ. ಬಿಸಿ ಎಂಜಿನ್ನಿನ ಮೇಲೆ ಸೋಪು ನಿಲ್ಲುವುದಿಲ್ಲ. ಕೆಲವರು ಗ್ಯಾಸ್ಕೆಟ್ ಅಂಟನ್ನು ದಪ್ಪಗೆ ಬಳಿಯುತ್ತಾರೆ. ಅದರ ಚೂರು ಒಳಗೆ ಬಿದ್ದು ಆಯಿಲ್ ಹರಿಯುವ ದಾರಿ ಮುಚ್ಚಬಹುದು. ಹಾಗೆ ಮಾಡಬೇಡಿ.

ಯಾವುದು ಲಾಭ?

ಬರೀ ಕೂಲಿ ಉಳಿಯಿತು ಎಂದು ಲೆಕ್ಕ ಹಾಕಿದರೆ ಸಾಲದು. ಮೂರು ಪ್ರಶ್ನೆ ಕೇಳಿಕೊಳ್ಳಿ. ಸೋರುವ ಜಾಗ ಹೊರಗೇ ಕಾಣುತ್ತದೆಯೇ? ಎಂಜಿನ್ ಬಿಚ್ಚದೆ ಸರಿ ಮಾಡಬಹುದೇ? ಸರಿಯಾದ ಸ್ಪ್ಯಾನರ್ ಇದೆಯೇ? ಮೂರಕ್ಕೂ ಹೌದು ಎಂದರೆ ನೀವೇ ಮಾಡಿ. ಒಂದಕ್ಕೆ ಇಲ್ಲ ಎಂದರೂ ಮೆಕ್ಯಾನಿಕ್ ಹತ್ತಿರ ಹೋಗಿ. ಆಗ ಕೊಡುವ ಕೂಲಿ ನಷ್ಟ ಅಲ್ಲ. ಅವರೂ ವರ್ಷಗಟ್ಟಲೆ ಕಲಿತ ವಿದ್ಯೆ ಅದು.

ಆದರೆ ಕೇಳಿ ಮಾಡಿಸಿ. ಎಲ್ಲಿ ಸೋರುತ್ತಿದೆ ಎಂದು ತೋರಿಸಲು ಹೇಳಿ. ಸಾಮಾನಿಗೆ ಎಷ್ಟು, ಕೂಲಿ ಎಷ್ಟು ಎಂದು ಮೊದಲೇ ಕೇಳಿ. ತೆಗೆದ ಹಳೇ ಸಾಮಾನು ಕೇಳಿ ಪಡೆಯಿರಿ. ಚೀಟಿ ಬರೆಸಿಕೊಳ್ಳಿ, ಓದಿ, ಕೂಡಿ ನೋಡಿ. ಓದಲು ಬರುವವರು ಎಂದು ತಿಳಿದರೆ ಮಾತು ತಾನಾಗಿ ನೇರ ಆಗುತ್ತದೆ.

ಹಳೇ ಆಯಿಲ್ ಚೆಲ್ಲಬೇಡಿ

ಹಳೇ ಆಯಿಲ್ಲನ್ನು ಚರಂಡಿಗೆ, ಕೆರೆಗೆ, ಬಾವಿ ಹತ್ತಿರ ಸುರಿಯಬೇಡಿ. ಒಂದು ಕಾರಿನಿಂದ ಒಂದು ಸಲ ತೆಗೆದ ಹಳೇ ಆಯಿಲ್ಲು ಹತ್ತು ಲಕ್ಷ ಗ್ಯಾಲನ್, ಅಂದರೆ ಸುಮಾರು 38 ಲಕ್ಷ ಲೀಟರ್ ಸಿಹಿನೀರನ್ನು ಕೆಡಿಸಬಲ್ಲದು ಎಂದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಹೇಳುತ್ತದೆ. ನಮ್ಮ ದೇಶದ 2016ರ ನಿಯಮದಲ್ಲೂ ಹಳೇ ಆಯಿಲ್ಲು ಅಪಾಯಕಾರಿ ತ್ಯಾಜ್ಯಗಳ ಪಟ್ಟಿಯಲ್ಲಿದೆ. ಮುಚ್ಚಳದ ಡಬ್ಬದಲ್ಲಿ ತುಂಬಿ ಗ್ಯಾರೇಜಿಗೆ ಕೊಡಿ. ಕೈಗೆ ತಾಗಿದರೆ ಸೋಪು ಹಾಕಿ ತೊಳೆಯಿರಿ. ಪದೇ ಪದೇ ಬಹುಕಾಲ ತಾಗಿದರೆ ಚರ್ಮದ ರೋಗ ಬರಬಹುದು, ಕ್ಯಾನ್ಸರ್ ಕೂಡ ಬರಬಹುದು.

ಎಳನೀರಿನ ಅಣ್ಣ ಈಗ ಮತ್ತೆ ಕೇಂದ್ರಕ್ಕೆ ಬರುತ್ತಿದ್ದಾರೆ. ಅವರ ಜೇಬಿನಲ್ಲಿ ಒಂದು ಸಣ್ಣ ಪುಸ್ತಕ ಇದೆ. ಪ್ರತಿ ಸೋಮವಾರ ಕಡ್ಡಿ ನೋಡಿ ಬರೆಯುತ್ತಾರೆ. "ಮೇಲಿನ ಗೆರೆ", "ನಡುವೆ", "ಸ್ವಲ್ಪ ಕಡಿಮೆ". ಅಕ್ಷರ ಸೊಟ್ಟ ಇದೆ. ಆದರೆ ಕೇಂದ್ರದ ಮುಂದೆ ಈಗ ಕಲೆ ಬೀಳುವುದಿಲ್ಲ. ಓಲೆಯೂ ಬಿಡಿಸಿಕೊಂಡು ಬಂದಿದ್ದಾರೆ.

ಅಭ್ಯಾಸ

1. ಎಂಜಿನ್ ಆಯಿಲ್ಲು ಮಾಡುವ ಕೆಲಸ ಏನು?
2. ನಾವೇ ಮಾಡಬಹುದಾದ ನಾಲ್ಕು ಕೆಲಸ ಯಾವುವು?
3. ಎರಡು ನಿಮಿಷಕ್ಕೆ ಒಂದು ಹನಿ ಸೋರಿದರೆ ಒಂದು ದಿನಕ್ಕೆ ಎಷ್ಟು ಮಿಲಿ ಲೀಟರ್?
4. ನಿಮ್ಮ ಮನೆಯ ಅಥವಾ ಪಕ್ಕದ ಮನೆಯ ಗಾಡಿಯ ಕಡ್ಡಿ ನೋಡಿ. ಕಂಡದ್ದನ್ನು ತಾರೀಕಿನ ಸಮೇತ ಬರೆಯಿರಿ.
5. ಯಾರದಾದರೂ ಗಾಡಿಯ ಕೆಳಗೆ ಕಲೆ ಕಂಡರೆ ನೀವು ಏನು ಮಾಡುತ್ತೀರಿ? ಗುಂಪಿನಲ್ಲಿ ಮಾತಾಡಿ.