ಮೂಗಿನ ತುದಿಯ ಎರಡು ಮಿಲಿಮೀಟರ್

ಸಿಟ್ಟಿನಲ್ಲಿ ಕೊಯ್ದುಕೊಂಡ ಮೂಗು ಶಾಂತವಾದ ಮೇಲೆ ಬಂದೀತೇ ಎಂದು ಗಾದೆ ಕೇಳುತ್ತದೆ. 1790ರ ದಶಕದಲ್ಲಿ ಪುಣೆಯ ಕಡೆಯ ಇಟ್ಟಿಗೆ ಮಾಡುವ ಜಾತಿಯವನೊಬ್ಬ ಬರುತ್ತದೆಂದು ತೋರಿಸಿಕೊಟ್ಟ. ಅವನು ಮತ್ತೆ ಕಟ್ಟಿಕೊಟ್ಟ ಆ ಮೂಗು ಹೋದದ್ದು ನಮ್ಮ ನೆಲದಲ್ಲೇ, ಟಿಪ್ಪುವಿಗೂ ಇಂಗ್ಲಿಷರಿಗೂ ನಡೆದ ಮೂರನೆಯ ಮೈಸೂರು ಯುದ್ಧದಲ್ಲಿ. ಇಂಗ್ಲಿಷ್ ದಂಡಿನಲ್ಲಿ ಎತ್ತಿನ ಗಾಡಿ ಹೊಡೆಯುತ್ತಿದ್ದ ಕಾವಸ್‌ಜಿ 1792ರಲ್ಲಿ ಟಿಪ್ಪುವಿನ ಸೈನಿಕರಿಗೆ ಸೆರೆಸಿಕ್ಕಿದ. ಅವರು ಅವನ ಮೂಗನ್ನೂ ಒಂದು ಕೈಯನ್ನೂ ಕತ್ತರಿಸಿ ಬಿಟ್ಟರು. ಒಂದು ವರ್ಷ ಅವನು ಮೂಗಿಲ್ಲದೆಯೇ ಬದುಕಿದ.

ಮೂಗು ಕೊಯ್ಯುವುದು ಅಲ್ಲಿಗೆ ಹೊಸದಾಗಿರಲಿಲ್ಲ. 17ನೇ ಶತಮಾನದಲ್ಲಿ, ಕಂಠೀರವ ನರಸರಾಜ ಒಡೆಯರ ಕಾಲದಲ್ಲಿ, ಮೈಸೂರಿನ ದಂಡು ಮಧುರೆಯ ತಿರುಮಲ ನಾಯಕನ ಸೀಮೆಗೆ ನುಗ್ಗಿ ಜನರ ಮೂಗು ಕೊಯ್ದಿತ್ತು. ಮಧುರೆಯವರೂ ಮೂಗಿಗೆ ಮೂಗೆಂದೇ ಸೇಡು ತೀರಿಸಿಕೊಂಡರು. ಜೀವ ಉಳಿಸಿ ಮಾನ ತೆಗೆಯುವ ಶಿಕ್ಷೆ ಅದು. ಉಡುಪಿಯ ಸುತ್ತಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಪಂಚವಟಿ ಪ್ರಸಂಗದಲ್ಲಿ ಮೂಗು ಕಳೆದುಕೊಂಡ ಶೂರ್ಪನಖಿಯ ಅಬ್ಬರವನ್ನು ಬಯಲಾಟದಲ್ಲಿ ನೋಡಿ ಬೆಳೆದವರು ಅವರು.

ಕಾವಸ್‌ಜಿಗೆ ನಡೆದ ಚಿಕಿತ್ಸೆಯ ವಿವರ 1794ರ ಅಕ್ಟೋಬರಿನಲ್ಲಿ ಲಂಡನ್ನಿನ ‘ಜೆಂಟಲ್‌ಮನ್ಸ್ ಮ್ಯಾಗಜೀನ್’ ಪತ್ರಿಕೆಯಲ್ಲಿ ಅಚ್ಚಾಯಿತು. ಮೊದಲು ಮೇಣದಲ್ಲಿ ಒಂದು ಮೂಗು ಮಾಡಿದರು. ಅದನ್ನು ಚಪ್ಪಟೆ ಮಾಡಿ ಹಣೆಯ ಮೇಲಿಟ್ಟು ಸುತ್ತ ಗೆರೆ ಎಳೆದರು. ಗೆರೆಯ ಗುಂಟ ಹಣೆಯ ಚರ್ಮ ಬಿಡಿಸಿ, ರಕ್ತ ಹರಿಯಲೆಂದು ಹುಬ್ಬುಗಳ ನಡುವೆ ಸಣ್ಣ ತೊಟ್ಟೊಂದನ್ನು ಉಳಿಸಿಕೊಂಡು, ಚರ್ಮವನ್ನು ಕೆಳಕ್ಕೆ ತಿರುಗಿಸಿ ಮೂಗಿನ ಜಾಗಕ್ಕೆ ಕೂರಿಸಿದರು. ಅಂಟಿಗೆ ಏನು ಬಳಸಿದರು ಅಂದುಕೊಂಡಿರಿ? ನೀರಿನಲ್ಲಿ ಕಲಸಿದ ಕಾಚು, ಎಲೆ ಅಡಿಕೆಗೆ ಹಾಕುತ್ತಾರಲ್ಲ, ಅದೇ. ಅದನ್ನು ಬಟ್ಟೆಪಟ್ಟಿಗೆ ಸವರಿ ಐದಾರು ಪದರ ಅಂಟಿಸಿದರು. ನಾಲ್ಕು ದಿನದ ಬಳಿಕ ಅದನ್ನು ತೆಗೆದು ತುಪ್ಪದಲ್ಲಿ ಅದ್ದಿದ ಬಟ್ಟೆ ಇಟ್ಟರು. ಹೊಳ್ಳೆ ಮುಚ್ಚಿಹೋಗದಂತೆ ಹತ್ತನೆಯ ದಿನ ಒಳಗೆ ಮೆತ್ತನೆಯ ಬಟ್ಟೆ ತುರುಕಿದರು. ತೊಟ್ಟು ಕತ್ತರಿಸಿದ್ದು 20–25 ದಿನ ಕಳೆದ ಮೇಲೆ. ಈ ವರದಿಯ ಎಳೆ ಹಿಡಿದೇ ಜೋಸೆಫ್ ಕಾರ್ಪ್ಯೂ 1814ರಲ್ಲಿ ಲಂಡನ್ನಿನಲ್ಲಿ ಇಂಥದೇ ಶಸ್ತ್ರಚಿಕಿತ್ಸೆ ಮಾಡಿದ. ಅಪಘಾತದಲ್ಲೋ ಚರ್ಮದ ಕ್ಯಾನ್ಸರಿನಲ್ಲೋ ಮೂಗು ಕಳೆದುಕೊಂಡವರಿಗೆ ಇಂದಿಗೂ ಹಣೆಯ ಚರ್ಮವನ್ನೇ ತರುತ್ತಾರೆ. ತೊಟ್ಟು ಬಿಡಿಸುವುದು ಇಂದಿಗೂ ಸುಮಾರು ಮೂರು ವಾರಕ್ಕೇ.

ಹೋದ ಮೂಗನ್ನು ಕಟ್ಟುವುದು ಒಂದು, ಇರುವ ಮೂಗನ್ನು ತಿದ್ದುವುದು ಇನ್ನೊಂದು. ಎರಡನೆಯದರ ಚರಿತ್ರೆ ಶುರುವಾಗುವುದೇ ತುದಿಯಿಂದ. 1887ರಲ್ಲಿ ಅಮೆರಿಕದ ರೋಚೆಸ್ಟರಿನ ಜಾನ್ ಆರ್ಲಂಡೊ ರೋ ಎಂಬ ವೈದ್ಯ ದಪ್ಪ ಮೊಂಡು ತುದಿಯನ್ನು ಹೊಳ್ಳೆಯ ಒಳಗಿನಿಂದಲೇ, ಹೊರಗೆ ಕಲೆ ಕಾಣದಂತೆ, ತಿದ್ದಿದ ಬಗೆಯನ್ನು ಪ್ರಕಟಿಸಿದ.

ಮೂಗಿನ ಮೇಲಿನ ಭಾಗವನ್ನು ಮುಟ್ಟಿ ನೋಡಿದರೆ ಮೂಳೆ ಸಿಗುತ್ತದೆ, ತುದಿಯನ್ನು ಒತ್ತಿದರೆ ತಗ್ಗಿ ಮತ್ತೆ ಏಳುತ್ತದೆ. ತುದಿಯಲ್ಲಿ ಮೂಳೆಯಿಲ್ಲ. ಎಡಕ್ಕೊಂದು ಬಲಕ್ಕೊಂದು ಬಾಗಿದ ಮೃದ್ವಸ್ಥಿಗಳು ಕಮಾನು ಕಟ್ಟಿ ನಿಂತಿವೆ. ಅವುಗಳ ಒಳಗಾಲುಗಳು ಹೊಳ್ಳೆಗಳ ನಡುವಿನ ಕಂಬದಲ್ಲಿ ಒಂದಕ್ಕೊಂದು ಒರಗಿಕೊಂಡಿರುತ್ತವೆ, ಹೊರಗಾಲುಗಳು ಎರಡು ಬದಿಗೆ ಚಾಚಿರುತ್ತವೆ. ಅಮೆರಿಕದ ಜ್ಯಾಕ್ ಆಂಡರ್ಸನ್ ಇದನ್ನು ಮೂರು ಕಾಲಿನ ಪೀಠವೆಂದು ಕರೆದ: ಕೂಡಿ ನಿಂತ ಒಳಗಾಲುಗಳು ಒಂದು ಕಾಲು, ಹೊರಗಾಲುಗಳು ಉಳಿದೆರಡು. ನಡುಗಾಲು ಕುಗ್ಗಿದರೆ ತುದಿ ಕೆಳಗೆ ಜೋಲುತ್ತದೆ, ಬದಿಯ ಕಾಲುಗಳು ಕುಗ್ಗಿದರೆ ಮೇಲಕ್ಕೆ ತಿರುಗುತ್ತದೆ. ವಯಸ್ಸಾದಂತೆ ಮೂಗು ಉದ್ದವಾದಂತೆ ಕಾಣುವುದೂ ಈ ಆಧಾರ ಸಡಿಲವಾಗುವುದರಿಂದಲೇ. ಕೆಲವರಿಗೆ ನಕ್ಕಾಗ ಮಾತ್ರ ತುದಿ ಕೆಳಗಿಳಿಯುತ್ತದೆ. ಅದು ಮೂಗಿನ ಬುಡದ ಸಣ್ಣ ಸ್ನಾಯುವೊಂದರ ಎಳೆತ.

ತುದಿ ದಪ್ಪ ಇದ್ದರೆ ಕತ್ತರಿಸಿ ಸಣ್ಣ ಮಾಡುತ್ತಾರೆ ಎಂಬುದು ಜನರ ಎಣಿಕೆ. 42 ಅಡಿಯ ಗೊಮ್ಮಟನ ಊರು ಕಾರ್ಕಳದಲ್ಲಿ ಇಂದಿಗೂ ಶಿಲ್ಪಿಗಳು ಕಲ್ಲಿನಲ್ಲಿ ಬೇಡದ್ದನ್ನು ಕೆತ್ತಿ ತೆಗೆದು ಮೂಗು ಮೂಡಿಸುತ್ತಾರೆ. ಮೈಮೇಲಿನ ಮೂಗಿಗೆ ಆ ವಿದ್ಯೆ ಒಗ್ಗದು. ಕಲ್ಲಿಗೆ ಉಸಿರಾಡುವ ಕೆಲಸವಿಲ್ಲ. ಮೃದ್ವಸ್ಥಿಯನ್ನು ಅತಿಯಾಗಿ ತೆಗೆದರೆ ತುದಿ ಚಿವುಟಿದಂತಾಗುತ್ತದೆ, ಉಸಿರೆಳೆದಾಗ ಹೊಳ್ಳೆಯ ಗೋಡೆ ಒಳಕ್ಕೆ ಕುಸಿಯುತ್ತದೆ. ಹಿಂದೆ ಧಾರಾಳವಾಗಿ ಕತ್ತರಿಸಿ ಈ ಪಾಡು ತಂದದ್ದುಂಟು. ಈಗ ಕನಿಷ್ಠ 6ರಿಂದ 8 ಮಿಲಿಮೀಟರ್ ಅಗಲದ ಪಟ್ಟಿಯನ್ನಾದರೂ ಉಳಿಸಿ, ಮಿಕ್ಕ ಕೆಲಸವನ್ನು ಹೊಲಿಗೆಯಿಂದ ಮಾಡುತ್ತಾರೆ. ಸೂಕ್ಷ್ಮ ದಾರದಿಂದ ಕಮಾನುಗಳನ್ನು ಹತ್ತಿರ ಎಳೆದು ಕಟ್ಟುತ್ತಾರೆ. ಆಧಾರ ಸಾಲದಿದ್ದರೆ ಮೂಗಿನ ನಡುಗೋಡೆಯಿಂದ, ಕಿವಿಯಿಂದ, ಕೆಲವೊಮ್ಮೆ ಪಕ್ಕೆಲುಬಿನಿಂದ ಮೃದ್ವಸ್ಥಿಯ ತುಂಡು ತಂದು ಊರುಗೋಲಿನಂತೆ ನಿಲ್ಲಿಸುತ್ತಾರೆ. ಒಟ್ಟು ವ್ಯತ್ಯಾಸ ಎಷ್ಟೋ ಸಲ ಒಂದೆರಡು ಮಿಲಿಮೀಟರ್. ಸೀಳುತುಟಿಯೊಂದಿಗೆ ಹುಟ್ಟಿದವರಲ್ಲಿ ಸೀಳು ಇರುವ ಬದಿಯ ತುದಿ ಚಪ್ಪಟೆಯಾಗಿರುತ್ತದೆ. ಅವರಿಗೆ ಈ ಒಂದೆರಡು ಮಿಲಿಮೀಟರ್ ಮುಖವನ್ನೇ ಬದಲಿಸುತ್ತದೆ.

ಒಳಗಿನಿಂದಲೇ ಮಾಡುವ ಕ್ರಮದಲ್ಲಿ ಹೊರಗೆ ಗಾಯವಿಲ್ಲ, ಆದರೆ ವೈದ್ಯರಿಗೆ ಕಾಣುವುದು ಕಡಿಮೆ. ತೆರೆದು ಮಾಡುವ ಕ್ರಮದಲ್ಲಿ ಹೊಳ್ಳೆಗಳ ನಡುವಿನ ಕಂಬಕ್ಕೆ ಅಡ್ಡಲಾಗಿ ಸಣ್ಣ ಗೀರು ಹಾಕಿ ಚರ್ಮವನ್ನು ಮೇಲಕ್ಕೆತ್ತುತ್ತಾರೆ. ಹೊಲಿಗೆ ಸುಮಾರು ಒಂದು ವಾರಕ್ಕೆ ಬಿಚ್ಚುತ್ತಾರೆ, ಗುರುತು ಕ್ರಮೇಣ ಮಾಸುತ್ತದೆ.

ವೈದ್ಯರ ಕೈಯಲ್ಲಿ ಇಲ್ಲದ್ದು ಚರ್ಮ. ನಮ್ಮಲ್ಲಿ ಅನೇಕರದು ದಪ್ಪ, ಎಣ್ಣೆಯಂಶ ಹೆಚ್ಚಿರುವ ಚರ್ಮ. ಒಳಗೆ ಎಷ್ಟು ಚೂಪಾಗಿ ಕಟ್ಟಿದರೂ ಹೊರಗೆ ಅದು ಅಷ್ಟಾಗಿ ಮೂಡುವುದಿಲ್ಲ. ಚರ್ಮ ತೀರಾ ತೆಳುವಾದರೆ ಒಳಗಿನ ಸಣ್ಣ ಏರುತಗ್ಗೂ ಎದ್ದು ಕಾಣುತ್ತದೆ. ಸಿನಿಮಾ ನಟಿಯ ಫೋಟೋ ಹಿಡಿದು ‘ಇಂಥದೇ ಬೇಕು’ ಎನ್ನುವವರಿಗೆ ಇದನ್ನು ಮೊದಲೇ ಹೇಳುವ ವೈದ್ಯರು ಸಿಕ್ಕರೆ ಪುಣ್ಯ.

ಫೋಟೋದ ಮಾತು ಬಂತು. ಕಾಪುವಿನ ದೀಪಸ್ತಂಭದ ಮುಂದೆ ಕೈ ಚಾಚಿ ಸೆಲ್ಫಿ ತೆಗೆದುಕೊಳ್ಳುವವರ ಮೂಗು ಅವರ ನಿಜವಾದ ಮೂಗಲ್ಲ. 2018ರಲ್ಲಿ ಅಮೆರಿಕದ ಸಂಶೋಧಕರು ಲೆಕ್ಕ ಹಾಕಿ ತೋರಿಸಿದಂತೆ, ಒಂದು ಅಡಿ ದೂರದಿಂದ ತೆಗೆದ ಚಿತ್ರದಲ್ಲಿ ಮೂಗು ಐದು ಅಡಿಯಿಂದ ತೆಗೆದ ಚಿತ್ರಕ್ಕಿಂತ ಸುಮಾರು ಶೇ. 30ರಷ್ಟು ಅಗಲವಾಗಿ ಕಾಣುತ್ತದೆ. ಕ್ಯಾಮೆರಾಕ್ಕೆ ಹತ್ತಿರವಿದ್ದದ್ದು ದೊಡ್ಡದಾಗಿ ಕಾಣುವುದು ಸಹಜ, ಮುಖದಲ್ಲಿ ಎಲ್ಲಕ್ಕಿಂತ ಮುಂದಿರುವುದು ಮೂಗಿನ ತುದಿ. ಚಾಕುವಿಗೆ ಮೂಗು ಒಡ್ಡುವ ಮೊದಲು ಬೇರೆಯವರ ಕೈಗೆ ಫೋನು ಕೊಟ್ಟು ಐದಾರು ಅಡಿ ದೂರ ನಿಲ್ಲಿಸಿ ಒಂದು ಫೋಟೋ ತೆಗೆಸಿಕೊಳ್ಳುವುದು ಮೇಲು. ಬೇರೆ ಯಾರ ಕಣ್ಣಿಗೂ ಬೀಳದ ಕೊರತೆಯನ್ನು ಕನ್ನಡಿಯಲ್ಲಿ ಗಂಟೆಗಟ್ಟಲೆ ಹುಡುಕುವವರಿಗೆ ಮೊದಲು ಬೇಕಾದದ್ದು ಮನೋವೈದ್ಯರ ನೆರವು. ಮೂಗು ಬದಲಾದರೂ ಅವರ ಕೊರಗು ಹೋಗುವುದು ಅಪರೂಪ.

ಡಾ. ಟಿ.ಎಂ.ಎ. ಪೈ 1953ರಲ್ಲಿ ಕಸ್ತೂರ್ಬಾ ಮೆಡಿಕಲ್ ಕಾಲೇಜು ಕಟ್ಟಿದ ಮೇಲೆ ಈ ಭಾಗದವರು ದೊಡ್ಡ ಚಿಕಿತ್ಸೆಗೆ ಮಣಿಪಾಲದ ಗುಡ್ಡ ಹತ್ತುವುದು ವಾಡಿಕೆ. ಪ್ಲಾಸ್ಟಿಕ್ ಸರ್ಜರಿಯವರೂ ಕಿವಿ-ಮೂಗು-ಗಂಟಲು ತಜ್ಞರೂ ಅಲ್ಲಿದ್ದಾರೆ; ಮೂಗಿನ ಕೆಲಸ ಈ ಎರಡು ವಿಭಾಗಗಳಿಗೂ ಸೇರಿದ್ದು. ಎಲ್ಲಿಗೇ ಹೋಗಲಿ, ಉಸಿರಾಟ ಪರೀಕ್ಷಿಸಿದರೇ, ಇಂಥ ಶಸ್ತ್ರಚಿಕಿತ್ಸೆ ಎಷ್ಟು ಮಾಡಿದ್ದಾರೆ, ಕೆಟ್ಟರೆ ಮತ್ತೆ ತಿದ್ದುವವರು ಯಾರು ಎಂದು ಕೇಳಲು ಸಂಕೋಚ ಬೇಡ. ಚಂದಕ್ಕೆಂದು ಮಾಡಿಸಿದ್ದಕ್ಕೆ ಆರೋಗ್ಯ ವಿಮೆ ಸಿಗುವುದಿಲ್ಲ. ಅಪಘಾತ, ಸುಟ್ಟಗಾಯ, ಕ್ಯಾನ್ಸರಿನ ಬಳಿಕದ ಮರುಜೋಡಣೆಗೆ ಆ ತಡೆಯಿಲ್ಲ. ಹರೆಯದವರು ಮುಖದ ಬೆಳವಣಿಗೆ ಮುಗಿಯುವ ತನಕ ಕಾಯಬೇಕು.

ಚಾಕು ಬೇಡವೆಂದು ಬ್ಯೂಟಿ ಕ್ಲಿನಿಕ್ಕಿನಲ್ಲಿ ಫಿಲ್ಲರ್ ಚುಚ್ಚಿಸಿಕೊಳ್ಳುವವರಿದ್ದಾರೆ. ಅದರಿಂದ ಮೂಗು ಸಣ್ಣದಾಗದು, ತುಂಬಿಕೊಳ್ಳುತ್ತದೆ ಅಷ್ಟೆ. ಮೂಗಿನ ರಕ್ತನಾಳಗಳಿಗೂ ಕಣ್ಣಿನವಕ್ಕೂ ಸಂಬಂಧವಿದೆ. ಫಿಲ್ಲರ್ ನಾಳದೊಳಗೆ ಹೊಕ್ಕರೆ ಚರ್ಮ ಕಪ್ಪಾಗಿ ಸಾಯಬಹುದು, ದೃಷ್ಟಿಯೇ ಹೋಗಬಹುದು. ಇದು ಪಾರ್ಲರಿನ ಕೆಲಸವಲ್ಲ.

ಮದುವೆ ನಿಶ್ಚಯವಾದ ಮೇಲೆ ಮೂಗಿನ ಯೋಚನೆ ಹುಟ್ಟುವುದು ಸಾಮಾನ್ಯ. ಆಟಿ ತಿಂಗಳಲ್ಲಿ ತುಳುನಾಡಿನಲ್ಲಿ ಮದುವೆಗಳಿಲ್ಲ, ಆಗ ಮಾಡಿಸಿಕೊಂಡು ಮಳೆ ಬಿಟ್ಟ ಮೇಲೆ ಹಸೆಮಣೆ ಏರುವ ಲೆಕ್ಕ ತಪ್ಪು. ಬಾವು ಎಲ್ಲಕ್ಕಿಂತ ಕೊನೆಗೆ ಇಳಿಯುವುದು ತುದಿಯಲ್ಲಿ. ಆಕಾರ ಪೂರ್ತಿ ನಿಲ್ಲಲು ಒಂದು ವರ್ಷ, ದಪ್ಪ ಚರ್ಮದವರಿಗೆ ಇನ್ನೂ ಹೆಚ್ಚು ಬೇಕು. ಮೂಗುತಿಯನ್ನು ಶಸ್ತ್ರಚಿಕಿತ್ಸೆಗೆ ಮುಂಚೆ ತೆಗೆದಿಡಬೇಕಾಗುತ್ತದೆ. ಮದುವೆಗೆಂದು ಹೊಸದಾಗಿ ಚುಚ್ಚಿಸುವುದಿದ್ದರೆ ಅಕ್ಕಸಾಲಿಗರ ಬಳಿ ಹೋಗುವ ಮೊದಲು ಶಸ್ತ್ರಚಿಕಿತ್ಸೆ ಮಾಡಿದವರನ್ನು ಕೇಳಬೇಕು.