ಬಿಸಿಲಿನ ಪೇಟೆಯೂ ಸರಕಾರದ ಹೊಣೆಯೂ

ವಿದ್ಯುಚ್ಛಕ್ತಿಯ ಧಾರಣೆಯನ್ನು ಇನ್ನು ಮೇಲೆ ಪೇಟೆಯೇ ಗೊತ್ತುಮಾಡಲಿ, ಸರಕಾರವು ಕೈಕಟ್ಟಿ ದೂರ ನಿಲ್ಲಲಿ ಎಂಬ ಮಾತು ಕೆಲವು ಕಾಲದಿಂದ ವಿದ್ಯಾವಂತರ ಬಾಯಲ್ಲಿ ಬಲವಾಗಿ ಕೇಳಿಬರುತ್ತಿದೆ. ಬಿಸಿಲೂ ಗಾಳಿಯೂ ಯಾರ ಸ್ವತ್ತೂ ಅಲ್ಲ. ಅವುಗಳಿಂದ ಶಕ್ತಿಯನ್ನು ತೆಗೆಯುವ ಯಂತ್ರಗಳ ಬೆಲೆಯೋ ಇಳಿಯುತ್ತ ಬಂದಿದೆ. ಮಾರುವವನುಂಟು, ಕೊಳ್ಳುವವನುಂಟು, ನಡುವೆ ಸರಕಾರಕ್ಕೇನು ಕೆಲಸವೆಂದು ಇವರು ಕೇಳುತ್ತಾರೆ. ಕೇಳುವುದಕ್ಕೆ ಪ್ರಶ್ನೆಯು ಇಂಪಾಗಿಯೇ ಇದೆ. ಆದರೆ ತುಮಕೂರು ಜಿಲ್ಲೆಯ ಪಾವಗಡದಲ್ಲಿ ನಡೆದಿರುವ ಕಾರ್ಯವನ್ನು ಸಾವಧಾನದಿಂದ ಪರಿಶೀಲಿಸಿದವರು ಇಂಥ ಮಾತನ್ನು ಅಷ್ಟು ಸುಲಭವಾಗಿ ಆಡಲಾರರೆಂದು ನಮ್ಮ ಅಭಿಪ್ರಾಯ.

ಪಾವಗಡವು ಬಹುಪಾಲು ಆಂಧ್ರಪ್ರದೇಶದ ಸೀಮೆಯಿಂದ ಸುತ್ತುವರಿಯಲ್ಪಟ್ಟ, ಬರಕ್ಕೆ ಹೆಸರಾದ ತಾಲೂಕು. ಮಳೆ ಕಡಿಮೆ, ಕೊಳವೆಬಾವಿಯ ನೀರು ಆಳಕ್ಕೆ ಇಳಿದುದಲ್ಲದೆ ಫ್ಲೋರೈಡಿನಿಂದ ಕೆಟ್ಟದ್ದು. ಇಲ್ಲಿ ಹೇರಳವಾಗಿರುವ ಬೆಳೆಯೆಂದರೆ ಬಿಸಿಲೊಂದೇ. ಈ ಬಿಸಿಲನ್ನು ಮಾರುವ ಸಲುವಾಗಿ ರಾಜ್ಯದ ನವೀಕರಿಸಬಹುದಾದ ಇಂಧನ ನಿಗಮವೂ ಕೇಂದ್ರದ ಸೌರಶಕ್ತಿ ನಿಗಮವೂ ಕೂಡಿ 2015ರಲ್ಲಿ ಒಂದು ಸಂಸ್ಥೆಯನ್ನು ಕಟ್ಟಿದುವು. ತಿರುಮಣಿ, ವಳ್ಳೂರು, ಬಾಲಸಮುದ್ರ, ಕ್ಯಾತಗಾನಚೆರ್ಲು, ರಾಯಚೆರ್ಲು ಎಂಬ ಐದು ಗ್ರಾಮಗಳ ಸುಮಾರು 13,000 ಎಕರೆ ನೆಲವನ್ನು ಈ ಸಂಸ್ಥೆಯು ಕ್ರಯಕ್ಕೆ ಕೊಳ್ಳಲಿಲ್ಲ, ಬಲವಂತದಿಂದ ಸ್ವಾಧೀನಪಡಿಸಿಕೊಳ್ಳಲೂ ಇಲ್ಲ. ಎಕರೆಗೆ ವರ್ಷಕ್ಕೆ 21,000 ರೂಪಾಯಿ ಗೇಣಿ, ಎರಡು ವರ್ಷಕ್ಕೊಮ್ಮೆ ನೂರಕ್ಕೆ ಐದರಂತೆ ಏರಿಕೆ ಎಂಬ ಕರಾರಿನ ಮೇಲೆ ಹಿಡಿಯಿತು. ರಸ್ತೆಗಳನ್ನು ಮಾಡಿ, ವಿದ್ಯುತ್ ಕೇಂದ್ರಗಳನ್ನು ಕಟ್ಟಿ, ತಂತಿಯನ್ನು ಎಳೆಯಿಸಿ, 50 ಮೆಗಾವಾಟಿನ ತುಂಡುಗಳನ್ನಾಗಿ ವಿಂಗಡಿಸಿ, ಆಮೇಲೆ ಬಂಡವಳಗಾರರನ್ನು ಹರಾಜಿಗೆ ಕರೆಯಲಾಯಿತು. 2018ರ ಮಾರ್ಚಿಯಲ್ಲಿ ಪ್ರಾರಂಭೋತ್ಸವವಾಗಿ, 2019ರ ಕೊನೆಯ ವೇಳೆಗೆ 2,050 ಮೆಗಾವಾಟೂ ಸಿದ್ಧವಾಯಿತು.

ಇದರಲ್ಲಿ ಪೇಟೆಯು ಮಾಡಿದ್ದೆಷ್ಟು, ಸರಕಾರವು ಮಾಡಿದ್ದೆಷ್ಟು ಎಂಬುದನ್ನು ವಾಚಕರೇ ತೂಗಿ ನೋಡಬಹುದು. ನೆಲವನ್ನು ಕೂಡಿಸಿದ್ದು ಸರಕಾರ. ದಾರಿಯನ್ನೂ ತಂತಿಯನ್ನೂ ಒದಗಿಸಿದ್ದು ಸರಕಾರ. ಕೊಳ್ಳುವೆನೆಂದು ಇಪ್ಪತ್ತೈದು ವರ್ಷದ ಕರಾರು ಬರೆದುಕೊಟ್ಟಿದ್ದೂ ಸರಕಾರದ ಕಂಪೆನಿಗಳೇ. 2010ರ ಕೊನೆಯಲ್ಲಿ ರಾಷ್ಟ್ರೀಯ ಸೌರ ಯೋಜನೆಯ ಮೊದಲ ಹರಾಜಿನಲ್ಲಿ ಯೂನಿಟ್ಟಿಗೆ 10 ರೂಪಾಯಿ 95 ಪೈಸೆಯೇ ಅತಿ ಕಡಿಮೆಯ ಕೂಗಾಗಿತ್ತು. 2017ರ ಮೇ ತಿಂಗಳಲ್ಲಿ ರಾಜಸ್ಥಾನದ ಭಡ್ಲಾದಲ್ಲಿ ಅದು 2 ರೂಪಾಯಿ 44 ಪೈಸೆಗೆ ಇಳಿಯಿತು. ಫಲಕಗಳ ಬೆಲೆ ಕುಸಿದದ್ದು ಇದಕ್ಕೆ ಮುಖ್ಯ ಕಾರಣವೆಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ನೆಲದ ತಗಾದೆಯಿಲ್ಲ, ಹಣ ಬರುವುದೆಂಬ ಭರವಸೆಯುಂಟು ಎಂದಾದಾಗಲೇ ಸಾಹುಕಾರನು ಕಡಿಮೆ ಬಡ್ಡಿಗೆ ಸಾಲ ಕೊಡುತ್ತಾನೆ. ಸಾಲದ ಬಡ್ಡಿಯೇ ಬಿಸಿಲಿನ ವಿದ್ಯುತ್ತಿನ ಬೆಲೆಯಲ್ಲಿ ದೊಡ್ಡ ಪಾಲು. ತಾನೇ ಕಟ್ಟಿದ ಸಂತೆಯಲ್ಲಿ ನಿಂತು, ಸಂತೆಯ ಧಾರಣೆಗೆ ತಾನು ಹೊಣೆಯಲ್ಲವೆಂದು ಸರಕಾರವು ಹೇಳುವುದು ಹೇಗೆ?

ಸರಕಾರವು ಶಕ್ತಿಯ ವ್ಯಾಪಾರಕ್ಕೆ ಕೈಹಾಕುವುದು ಈ ನಾಡಿಗೆ ಹೊಸದೂ ಅಲ್ಲ. ದಿವಾನ್ ಶೇಷಾದ್ರಿ ಅಯ್ಯರವರ ಕಾಲದಲ್ಲಿ ಯೋಜಿಸಲ್ಪಟ್ಟ ಶಿವನಸಮುದ್ರದ ಕಾರಖಾನೆಯಿಂದ 1902ರ ಜೂನ್ 30ರಂದು ವಿದ್ಯುತ್ತು 92 ಮೈಲಿ ದೂರದ ಕೋಲಾರದ ಚಿನ್ನದ ಗಣಿಗಳಿಗೆ ಹರಿಯಿತು. ಕಾವೇರಿ ನಮ್ಮದು, ಬೊಕ್ಕಸ ನಮ್ಮದು. ಬೆಳಕು ಮೊದಲು ತಲಪಿದ್ದು ಆಂಗ್ಲ ಕಂಪೆನಿಗಳ ಗಣಿಗೆ. ಬೆಂಗಳೂರಿನ ಬೀದಿಗೆ ದೀಪ ಬರುವುದಕ್ಕೆ 1905ರ ವರೆಗೆ ಕಾಯಬೇಕಾಯಿತು. ತಂತಿಯು ಹಾದುಹೋದ ಹಳ್ಳಿಗಳ ಮಾತಂತೂ ಬೇಡ. ಆ ಸಾಹಸವನ್ನು ಹೊಗಳದವರಾರು? ನಾವೂ ಹೊಗಳುತ್ತೇವೆ. ಆದರೆ ತಂತಿಯ ಕೆಳಗೆ ಇರುವವನಿಗೆ ಕತ್ತಲೆ, ತಂತಿಯ ತುದಿಯಲ್ಲಿ ಇರುವವನಿಗೆ ಬೆಳಕು ಎಂಬ ಆ ಹಳೆಯ ಕ್ರಮವು ಪಾವಗಡದಲ್ಲಿಯೂ ಮರುಕಳಿಸಬಾರದು.

ಅಲ್ಲಿ ನೆಲವುಳ್ಳವನಿಗೆ ಗೇಣಿ ಬರುತ್ತದೆ. ಮಳೆ ನಂಬಿ ಕಡಲೆಕಾಯಿ ಬಿತ್ತಿ ಕೈಸುಟ್ಟುಕೊಳ್ಳುತ್ತಿದ್ದವನಿಗೆ ಇದು ಸಣ್ಣ ಉಪಕಾರವಲ್ಲ. ಆದರೆ ನೆಲವೇ ಇಲ್ಲದೆ ಪರರ ಹೊಲದಲ್ಲಿ ಕಳೆ ಕಿತ್ತು ಜೀವಿಸುತ್ತಿದ್ದವನಿಗೂ, ಬೀಳು ಭೂಮಿಯಲ್ಲಿ ಕುರಿ ಮೇಯಿಸುತ್ತಿದ್ದವನಿಗೂ ಆ ಕರಾರಿನಲ್ಲಿ ಹೆಸರಿಲ್ಲ. ಫಲಕಗಳನ್ನು ನೆಡುವ ತನಕ ಕೂಲಿ ದೊರೆಯಿತು. ನೆಟ್ಟಾದ ಮೇಲೆ ಹುಲ್ಲು ಕೊಯ್ಯುವುದಕ್ಕೂ ಧೂಳು ಒರಸುವುದಕ್ಕೂ ಕಾವಲಿಗೂ ಕೆಲವೇ ಕೈಗಳು ಸಾಕಾದುವು. ಉಳಿದವರು ಬೆಂಗಳೂರಿನ ಹಾದಿ ಹಿಡಿಯಬೇಕು. ಹರಾಜಿನಲ್ಲಿ ಯೂನಿಟ್ಟಿನ ಬೆಲೆ ಕೂಗಲ್ಪಡುತ್ತದೆಯೇ ಹೊರತು ಈ ಕೂಲಿಕಾರನ ಕಳೆದುಹೋದ ದಿನಗೂಲಿಯನ್ನು ಕೂಗುವವರಿಲ್ಲ. ಪೇಟೆಯು ಕ್ರೂರವೆಂದು ನಾವು ದೂಷಿಸುತ್ತಿಲ್ಲ. ಅದರ ತಕ್ಕಡಿಯಲ್ಲಿ ಹಾಕದ ವಸ್ತುವನ್ನು ಅದು ತೂಗಲಾರದು, ಅಷ್ಟೆ. ಹಾಕಬೇಕಾದವರು ಕರಾರಿನ ಷರತ್ತು ಬರೆಯುವವರು.

ಎರಡನೆಯ ಸಂಗತಿಯು ಹೊತ್ತಿನದು. ಸೂರ್ಯನು ಮುಳುಗುವ ಹೊತ್ತಿಗೇ ಮನೆಮನೆಗಳಲ್ಲಿ ದೀಪ ಹೊತ್ತುತ್ತದೆ. ಸುಗ್ಗಿಯಲ್ಲಿ ಭತ್ತದ ಧಾರಣೆ ಬಿದ್ದು ಆಷಾಢದಲ್ಲಿ ಏರುವಂತೆ, ವಿದ್ಯುತ್ ವಿನಿಮಯ ಪೇಟೆಯಲ್ಲಿ ಮಧ್ಯಾಹ್ನದ ಬೆಲೆ ಇಳಿದು, ಸಂಜೆಯ ಬೆಲೆಯು ಎಷ್ಟೋ ದಿನ ಕೇಂದ್ರ ನಿಯಂತ್ರಣ ಆಯೋಗವು ವಿಧಿಸಿರುವ 10 ರೂಪಾಯಿಯ ಮಿತಿಯನ್ನೇ ಮುಟ್ಟುತ್ತದೆ. ಮಧ್ಯಾಹ್ನದ ಯೂನಿಟ್ಟೂ ಸಂಜೆಯ ಯೂನಿಟ್ಟೂ ಒಂದೇ ಸರಕಲ್ಲವೆಂಬುದನ್ನು ಹರಾಜಿನ ಷರತ್ತಿನಲ್ಲಿಯೇ ಹೇಳಬಹುದು. 2020ರ ಜನವರಿಯಲ್ಲಿ ಕೇಂದ್ರ ಸೌರಶಕ್ತಿ ನಿಗಮವು ಹಾಗೆ ಹೇಳಿಯೂ ಹೇಳಿತು: ಸಾಮಾನ್ಯ ಹೊತ್ತಿಗೆ 2 ರೂಪಾಯಿ 88 ಪೈಸೆ, ಬೇಡಿಕೆಯ ಹೊತ್ತಿಗೆ 6 ರೂಪಾಯಿ 12 ಪೈಸೆ ಎಂಬ ಇಬ್ಬಗೆಯ ಧಾರಣೆಗೆ ಬಂಡವಳಗಾರರು ಮುಂದೆ ಬಂದರು. ಸರಕಾರವು ಸರಿಯಾದ ಪ್ರಶ್ನೆಯನ್ನು ಕೇಳಿದರೆ ಪೇಟೆಯು ಉತ್ತರ ಕೊಡುತ್ತದೆಂಬುದಕ್ಕೆ ಇದು ನಿದರ್ಶನ.

ಸಂಜೆಗಾಗಿ ಶಕ್ತಿಯನ್ನು ಕೂಡಿಡುವ ಇನ್ನೊಂದು ಉಪಾಯವಾಗಿ ಶರಾವತಿ ಕಣಿವೆಯಲ್ಲಿ, ತಳಕಳಲೆ ಗೇರುಸೊಪ್ಪೆಗಳ ಜಲಾಶಯಗಳ ನಡುವೆ, ನೀರನ್ನು ಮೇಲೆತ್ತಿ ಇಳಿಸುವ 2,000 ಮೆಗಾವಾಟಿನ ಯೋಜನೆಯೊಂದು ಸೂಚಿಸಲ್ಪಟ್ಟಿದೆ. ಸಿಂಗಳೀಕಗಳ ಅಭಯಾರಣ್ಯದೊಳಗೆ ಸುರಂಗ ತೋಡುವ ಈ ಯೋಜನೆಯನ್ನು ಅಲ್ಲಿನ ಜನರು ವಿರೋಧಿಸಿದ್ದರಲ್ಲಿ ಆಶ್ಚರ್ಯವಿಲ್ಲ. 1964ರ ಲಿಂಗನಮಕ್ಕಿಯಲ್ಲಿ ಮನೆಮಠ ಮುಳುಗಿಸಿಕೊಂಡವರ ಮಕ್ಕಳು ಮೊಮ್ಮಕ್ಕಳು ಭೂಮಿಯ ಹಕ್ಕುಪತ್ರಕ್ಕಾಗಿ ಕಚೇರಿಗಳ ಮೆಟ್ಟಿಲು ತುಳಿಯುತ್ತಲೇ ಬಂದಿದ್ದಾರೆ. ಆ ಲೆಕ್ಕವನ್ನು ತೀರಿಸದೆ ಅದೇ ಕಣಿವೆಗೆ ಮತ್ತೊಂದು ಬೇಡಿಕೆ ಹೊತ್ತು ಹೋಗುವುದಕ್ಕೆ ಅಧಿಕಾರಿವರ್ಗವು ಸಂಕೋಚಪಡಬೇಕಾಗಿತ್ತು.

ಮೂರನೆಯದು ಕೊಟ್ಟ ಮಾತು. ನೆರೆಯ ಆಂಧ್ರ ಸರಕಾರವು 2019ರಲ್ಲಿ, ಹಿಂದಿನ ಸರಕಾರವು ಬರೆದ ಬಿಸಿಲು ಗಾಳಿಗಳ ಕರಾರುಗಳು ದುಬಾರಿಯೆಂದು ಅವುಗಳನ್ನು ತಿದ್ದಹೊರಟಿತು. ವ್ಯಾಜ್ಯವು ಉಚ್ಚ ನ್ಯಾಯಾಲಯವನ್ನು ಹತ್ತಿ, 2022ರ ಮಾರ್ಚಿಯಲ್ಲಿ ಕರಾರಿನ ದರದಂತೆಯೇ ಬಾಕಿಯನ್ನು ತೆರಬೇಕೆಂದು ತೀರ್ಪಾಯಿತು. ದರವು ದುಬಾರಿಯಾಗಿದ್ದಿರಬಹುದು. ಆದರೆ ಸರಕಾರದ ಸಹಿಯು ಚುನಾವಣೆಯೊಂದಿಗೆ ಬದಲಾಗುವುದೆಂದು ತಿಳಿದ ಸಾಲಗಾರನು ಮುಂದಿನ ಕರಾರಿಗೆ ಹೆಚ್ಚು ಬಡ್ಡಿ ಕೇಳುತ್ತಾನೆ. ಅದನ್ನು ತೆರುವವನು ದೀಪ ಹೊತ್ತಿಸುವ ಬಡವನೇ.

ನಮ್ಮ ಮನೆಯೊಳಗೂ ಇಂಥ ಮಾತಿನ ಪ್ರಶ್ನೆಯುಂಟು. ಹತ್ತು ಅಶ್ವಶಕ್ತಿಯ ವರೆಗಿನ ನೀರಾವರಿ ಪಂಪುಗಳಿಗೆ ಉಚಿತ ವಿದ್ಯುತ್ತು 2008ರಿಂದ. 200 ಯೂನಿಟ್ಟಿನ ವರೆಗೆ ಮನೆಗಳಿಗೆ ಗೃಹಜ್ಯೋತಿ 2023ರಿಂದ. ಇವನ್ನು ಕೊಡಬಾರದೆಂದು ನಾವು ಹೇಳುವವರಲ್ಲ. 2003ರ ವಿದ್ಯುಚ್ಛಕ್ತಿ ಕಾಯಿದೆಯ 65ನೆಯ ಪ್ರಕರಣವು ಸರಕಾರವು ರಿಯಾಯಿತಿ ಕೊಡುವುದಾದರೆ ಆ ಹಣವನ್ನು ಮುಂಗಡವಾಗಿ ತೆರಬೇಕೆಂದು ವಿಧಿಸಿದೆ. ಈ ಹಣವು ತಡವಾದಷ್ಟೂ ಸರಬರಾಜು ಕಂಪೆನಿಯು ಸಾಲ ಮಾಡಬೇಕು. ಸಾಲದಲ್ಲಿ ಮುಳುಗಿದ ಕಂಪೆನಿಯು ಬಿಸಿಲಿನ ವಿದ್ಯುತ್ತು ಕೊಟ್ಟವನಿಗೆ ತಡಮಾಡುತ್ತದೆ. ಇತ್ತ ದೊಡ್ಡ ಕಾರಖಾನೆಗಳು ಕಾಯಿದೆಯು ತೆರೆದ ಬಾಗಿಲಿನಿಂದ ಹೊರಗೆ ಹೋಗಿ ಅಗ್ಗದ ವಿದ್ಯುತ್ತನ್ನು ತಾವೇ ಕೊಳ್ಳುತ್ತವೆ. ತಂತಿಯ ಖರ್ಚು ಉಳಿದವರ ಮೇಲೆ ಬೀಳುತ್ತದೆ. ಹೊರಗೆ ಹೋಗುವವರು ಎಷ್ಟು ತೆರಬೇಕೆಂಬುದನ್ನು 1999ರಲ್ಲಿ ಸ್ಥಾಪಿತವಾದ ರಾಜ್ಯದ ನಿಯಂತ್ರಣ ಆಯೋಗವು ಯಾರ ಮುಖವನ್ನೂ ನೋಡದೆ ಗೊತ್ತುಮಾಡಬೇಕು. ಸಚಿವಾಲಯದ ಇಷ್ಟಾನಿಷ್ಟವನ್ನು ಅನುಸರಿಸಿ ನಡೆಯುವ ಆಯೋಗದಿಂದ ಅದು ಆಗತಕ್ಕ ಕೆಲಸವಲ್ಲ.

ಪಾವಗಡದ ಕೂಲಿಕಾರನ ವಿಷಯದಲ್ಲಿ ಮಾತ್ರ ಆಯೋಗವನ್ನೂ ದೆಹಲಿಯನ್ನೂ ಕಾಯಬೇಕಾಗಿಲ್ಲ. ಬಂಡವಳಗಾರರು ವರ್ಷವರ್ಷವೂ ಉದ್ಯಾನದ ಸಂಸ್ಥೆಗೆ ಶುಲ್ಕ ಕಟ್ಟುತ್ತಾರೆ. ಅದರಲ್ಲಿ ಗೊತ್ತಾದ ಒಂದು ಪಾಲನ್ನು ಐದು ಗ್ರಾಮಗಳ ಭೂಹೀನರಿಗೆಂದು ತೆಗೆದಿರಿಸಿ, ಫಲಕಗಳ ಕೆಳಗಿನ ಹುಲ್ಲನ್ನು ಕುರಿಗಾರರಿಗೆ ಬಿಟ್ಟು, ಖರ್ಚಿನ ಲೆಕ್ಕವನ್ನು ಗ್ರಾಮಸಭೆಯಲ್ಲಿ ಓದಿ ಹೇಳುವುದಕ್ಕೆ ಸಂಸ್ಥೆಯ ಆಡಳಿತ ಮಂಡಳಿಯ ಒಂದು ನಿರ್ಣಯವು ಸಾಕು. ಮಂಡಳಿಯು ಮುಂದಿನ ಸಭೆಯಲ್ಲಿಯೇ ಅದನ್ನು ಅಂಗೀಕರಿಸಬೇಕೆಂದು ನಾವು ಕೇಳುತ್ತೇವೆ.