ಇ-ಮೇಲ್ ತಂತ್ರಾಂಶ ಪಾಸ್‌ವರ್ಡ್ ಉಳಿಸಿಕೊಳ್ಳಬೇಕೆ? – ಒಂದು ಪಾಠದ ವಿವರಣೆ

ನಾವು ಬೋಧನಾಭ್ಯಾಸಕ್ಕೆ ಹೋಗುವ ಶಾಲೆಗಳಲ್ಲಿ ಒಂದೇ ಗಣಕಯಂತ್ರವನ್ನು ಮುಖ್ಯಶಿಕ್ಷಕರು, ಸಹಶಿಕ್ಷಕರು, ಗುಮಾಸ್ತರು, ಕೆಲವೊಮ್ಮೆ ನಾವೂ ಬಳಸುತ್ತೇವೆ. ಶಾಲೆಯ ಮೇಲ್ ತೆರೆಯುವುದೂ ಅದರಲ್ಲೇ. ಬೇರೆ ಯಾವುದೋ ಜಾಲತಾಣದಲ್ಲಿ ‘ಪಾಸ್‌ವರ್ಡ್ ಮರೆತಿದೆ’ ಎಂದು ಒತ್ತಿದರೆ ಹೊಸದನ್ನು ಹೊಂದಿಸುವ ಕೊಂಡಿ ಸಾಮಾನ್ಯವಾಗಿ ಮೇಲ್‌ಗೇ ಬರುತ್ತದೆ. ಹಾಗಾಗಿ ಮೇಲ್ ಕೈಬಿಟ್ಟರೆ ಅದರ ಹಿಂದೆ ಮಕ್ಕಳ ವಿವರಗಳಿರುವ ಖಾತೆಗಳೂ ಕೈಬಿಡಬಹುದು. ರಾಜಘಟ್ಟದಲ್ಲಿ 9ನೇ ತರಗತಿಗೆ ಈ ಕಲಿಕಾಂಶವನ್ನು ಆರಿಸಿಕೊಂಡದ್ದು ಇದೇ ಕಾರಣಕ್ಕೆ.

ಉದಾಹರಣೆಗೆ ಥಂಡರ್‌ಬರ್ಡ್ ತೆಗೆದುಕೊಂಡೆ. 2011ರ 11.10 ಆವೃತ್ತಿಯಲ್ಲಿ ಉಬುಂಟುವಿನ ಜೊತೆಗೇ ಬರತೊಡಗಿದ ಮೇಲ್ ತಂತ್ರಾಂಶವದು. ಮೊದಲ ಸಲ ಪಾಸ್‌ವರ್ಡ್ ಕೇಳುವಾಗ ಕೆಳಗೆ ಒಂದು ಚಿಕ್ಕ ಚೌಕ ಇರುತ್ತದೆ. ಗುರುತು ಹಾಕಿದರೆ ಪಾಸ್‌ವರ್ಡ್ ಗಣಕದಲ್ಲಿ ಉಳಿಯುತ್ತದೆ. ಹಾಕದಿದ್ದರೆ ತಂತ್ರಾಂಶ ಮುಚ್ಚುವವರೆಗೆ ಮಾತ್ರ ನೆನಪಿರುತ್ತದೆ. ಈಗಾಗಲೇ ಉಳಿದಿರುವುದನ್ನು ನೋಡಲು ಸೆಟ್ಟಿಂಗ್ಸ್‌ನಲ್ಲಿ ‘ಪ್ರೈವಸಿ ಅಂಡ್ ಸೆಕ್ಯುರಿಟಿ’ಗೆ ಹೋಗಿ ‘ಸೇವ್ಡ್ ಪಾಸ್‌ವರ್ಡ್ಸ್’ ಒತ್ತಬೇಕು. ಬೇಡವಾದ ಸಾಲನ್ನು ಅಲ್ಲೇ ಅಳಿಸಬಹುದು. ‘ಶೋ ಪಾಸ್‌ವರ್ಡ್ಸ್’ ಗುಂಡಿ ಒತ್ತಿ, ಪಾಠಕ್ಕೆಂದೇ ತೆರೆದ ಖಾತೆಯ ಪಾಸ್‌ವರ್ಡ್ ಅಕ್ಷರಕ್ಷರ ಕಾಣಿಸಿದಾಗ ಹಿಂದಿನ ಬೆಂಚಿನವರೂ ಎದ್ದು ನಿಂತರು. ಅರ್ಧ ಗಂಟೆಯ ಉಪನ್ಯಾಸಕ್ಕಿಂತ ಈ ಒಂದು ಗುಂಡಿ ಹೆಚ್ಚು ಕಲಿಸುತ್ತದೆ. ನಿಜವಾದ ಖಾತೆಯಿಂದ ಮಾತ್ರ ಇದನ್ನು ತೋರಿಸಬಾರದು.

ಪಾಸ್‌ವರ್ಡನ್ನು ಗೂಢಲಿಪಿಯಲ್ಲೇ ಇಡುತ್ತಾರಲ್ಲ ಎಂದು ಕೇಳಬಹುದು. ಹೌದು, ಆದರೆ ಪಾಸ್‌ವರ್ಡ್‌ಗಳ ಕಡತವೂ ಅದನ್ನು ಬಿಡಿಸುವ ಕೀಲಿಯ ಕಡತವೂ ಒಂದೇ ಫೋಲ್ಡರ್‌ನಲ್ಲಿರುತ್ತವೆ. ಬೀಗ ಹಾಕಿ, ಬೀಗದ ಕೈಯನ್ನು ಬಾಗಿಲ ಪಕ್ಕದ ಮೊಳೆಗೆ ನೇತುಹಾಕಿದಂತೆ. ‘ಪ್ರೈಮರಿ ಪಾಸ್‌ವರ್ಡ್’ ಇಟ್ಟರೆ ಆ ಕೀಲಿಗೇ ಇನ್ನೊಂದು ಬೀಗ ಬೀಳುತ್ತದೆ. ಅದನ್ನು ಮರೆತರೆ ಮರುಹೊಂದಿಸಬಹುದು, ಆದರೆ ಉಳಿಸಿದ ಪಾಸ್‌ವರ್ಡ್‌ಗಳೆಲ್ಲ ಅಳಿಸಿಹೋಗುತ್ತವೆ.

ಜಿಮೇಲ್‌ನಲ್ಲಿ ಸಂಗತಿ ಸ್ವಲ್ಪ ಬೇರೆ. ಅಲ್ಲಿ ಲಾಗಿನ್ ನಡೆಯುವುದು ಗೂಗಲ್‌ನ ಪುಟದಲ್ಲಿ. ಥಂಡರ್‌ಬರ್ಡ್ ಇಟ್ಟುಕೊಳ್ಳುವುದು ಪಾಸ್‌ವರ್ಡನ್ನಲ್ಲ, ಒಂದು ಟೋಕನ್ ಅನ್ನು. ಪ್ರವೇಶದ ಚೀಟಿ ಎನ್ನೋಣ. ಆ ಚೀಟಿ ಇರುವವರೆಗೆ ಮೇಲ್ ತೆರೆಯುತ್ತಲೇ ಇರುತ್ತದೆ. ಅದನ್ನು ಮೇಲೆ ಹೇಳಿದ ಪಟ್ಟಿಯಲ್ಲಿ ಅಳಿಸಬಹುದು. ಗಣಕ ನಮ್ಮ ಕೈಗೆ ಸಿಗದ ಕಡೆ ಇದ್ದರೆ ಗೂಗಲ್ ಖಾತೆಯೊಳಗಿಂದಲೇ ಥಂಡರ್‌ಬರ್ಡ್‌ಗೆ ಕೊಟ್ಟ ಅನುಮತಿಯನ್ನು ಹಿಂಪಡೆಯಬೇಕು.

ಪಾಠದಲ್ಲಿ ನಾನು ಯೋಜಿಸಿದ್ದ ಪ್ರಶ್ನೆಗಳಿಗಿಂತ ಒಬ್ಬ ಹುಡುಗಿಯ ಪ್ರಶ್ನೆ ಮುಖ್ಯವಾಯಿತು: “ಮಿಸ್, ಪಾಸ್‌ವರ್ಡ್ ಅಳಿಸಿದ್ಮೇಲೂ ಹಳೇ ಮೇಲ್ ಕಾಣ್ತಾ ಇದೆಯಲ್ಲ?” ಕಾಣುತ್ತದೆ. ಈಗಾಗಲೇ ಗಣಕಕ್ಕೆ ಇಳಿದಿರುವ ಮೇಲ್ ಅಲ್ಲೇ ಇರುತ್ತದೆ. ಪಾಸ್‌ವರ್ಡ್ ಕೇಳುವ ಕಿಟಕಿಯನ್ನು ‘ಕ್ಯಾನ್ಸಲ್’ ಮಾಡಿದರೂ ಓದಬಹುದು. ಪ್ರೈಮರಿ ಪಾಸ್‌ವರ್ಡ್ ಕೂಡ ಕಾಯುವುದು ಪಾಸ್‌ವರ್ಡ್‌ಗಳನ್ನು, ಪತ್ರಗಳನ್ನಲ್ಲ. ಪತ್ರಗಳಿಗೂ ಕಾವಲು ಬೇಕಾದರೆ ಉಬುಂಟುವಿನಲ್ಲಿ ಪ್ರತಿಯೊಬ್ಬರಿಗೂ ಬೇರೆ ಬೇರೆ ಬಳಕೆದಾರ ಖಾತೆ ತೆರೆದು, ಎದ್ದು ಹೋಗುವಾಗ ಲಾಗ್ ಔಟ್ ಮಾಡಬೇಕು.

ಈ ಪಾಠ ಮಾಡುವ ಪ್ರಶಿಕ್ಷಣಾರ್ಥಿಗಳು ಒಂದೇ ಅವಧಿಗೆ ಎಲ್ಲವನ್ನೂ ತುಂಬದೆ, ಮೊದಲ ದಿನ ಚೌಕ ಮತ್ತು ಪಟ್ಟಿ, ಎರಡನೇ ದಿನ ಬಳಕೆದಾರ ಖಾತೆ ಎಂದು ಪಾಠಯೋಜನೆಯಲ್ಲೇ ಭಾಗ ಮಾಡಿಕೊಳ್ಳುವುದು ಒಳ್ಳೆಯದು. ಮೌಲ್ಯಮಾಪನಕ್ಕೆ ಆ ಹುಡುಗಿಯ ಪ್ರಶ್ನೆಯನ್ನೇ ಇಟ್ಟುಕೊಳ್ಳಬಹುದು.